ಬರಿಗಾಲಿನ ಸಾಕ್ಷಿ

"ಮೂವತ್ತು ಸಾವಿರ ಜನ ಕಣಮ್ಮ! ಮೂವತ್ತು ಸಾವಿರ! ಒಬ್ಬರಾದ್ರೂ ಕೆಮ್ಮಬೇಕಲ್ಲ, ಊಹೂಂ!" ಎಂದು ಬಸ್ಸಿನ ಡ್ರೈವರು ಎರಡೂ ಕೈ ಅಗಲಿಸಿದ ರಭಸಕ್ಕೆ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ಅಂಚಿಗೆ ಹೋಗಿ ನಿಂತಿತು.

"ಇಪ್ಪತ್ತೆರಡು ಸಾವಿರ," ಎಂದರು ಗಣಿತದ ಮೇಷ್ಟ್ರು, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ. "ಆ ಮೈದಾನ ಹಿಡಿಯೋದೇ ಅಷ್ಟು. ಒಳಗೆ ನಡೀರಿ ಒಳಗೆ ನಡೀರಿ ಅಂತ ತುಂಬ್ತಾ ಹೋಗೋಕೆ ಅದೇನು ನಿನ್ನ ಬಸ್ಸಾ?"

ಮೇಜಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರೊಂದು ಕೆಂಪು ದೀಪ ಉರಿಸಿಕೊಂಡು ಕೂತಿತ್ತು. ಅದನ್ನು ತಂದಿದ್ದ ಹುಡುಗಿಗೆ ಮೂವತ್ತರ ಆಸುಪಾಸು. ಆ ಸಂಜೆಯನ್ನು ಕಣ್ಣಾರೆ ಕಂಡವರ ಮಾತುಗಳನ್ನು ಕೂಡಿಸುತ್ತಿದ್ದೇನೆ, ಭಾನುವಾರ ಮಧ್ಯಾಹ್ನ ಬರಲೇ ಎಂದು ಹಿಂದಿನ ವಾರ ಫೋನು ಮಾಡಿದ್ದಳು. ಕೇಳಬೇಕೇ? ಡ್ರೈವರು ರಜೆ ಹಾಕಿದ, ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟರು, ಮನೆಯೊಡತಿ ಕಿಟಕಿಯ ಪರದೆ ಒಗೆದು ಹಾಕಿದಳು. ಇಪ್ಪತ್ತೆರಡು ವರ್ಷ ತಮ್ಮತಮ್ಮಲ್ಲೇ ಹೇಳಿಕೊಂಡು ಹೇಳಿಕೊಂಡು ನುಣುಪಾದ ಕಥೆಗೆ ಕೊನೆಗೂ ಹೊಸ ಕಿವಿಯೊಂದು ಸಿಕ್ಕಿತ್ತು.

ಮನೆಯೊಡೆಯ ಮಾತ್ರ ಸುಮ್ಮನೆ ಕೂತಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಗೆಳೆಯರ ಬಾಯಲ್ಲಿ ಅವನ ಹೆಸರು ಬರಿಗಾಲು. ಕೋಣೆ ಚಿಕ್ಕದು, ಅವನದು ಗೋಡೆಯ ಮೂಲೆಯ ಕುರ್ಚಿ. ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಡ್ರೈವರ ದೊಡ್ಡ ದೇಹ, ಎದುರಿಗೆ ಮೊಣಕಾಲಿಗೆ ಒತ್ತುವ ಮೇಜು. ಅಲ್ಲಿಂದ ಅವನು ಏಳಬೇಕೆಂದರೆ ಮೊದಲು ಇಬ್ಬರು ಏಳಬೇಕು. ಅವನನ್ನು ಅಲ್ಲಿ ಕೂರಿಸಿದ್ದು ಹೆಂಡತಿ. "ಮುಖ್ಯ ಸಾಕ್ಷಿ ನೀವು. ಬೆಳಕು ನಿಮ್ಮ ಮುಖದ ಮೇಲೆ ಬೀಳ್ಬೇಕು," ಎಂದಿದ್ದಳು.

ಆ ಸಂಜೆ ನಡೆದದ್ದು ಇಷ್ಟು. ಅಂದು ಮೈದಾನದಲ್ಲಿ ನುಡಿಸುತ್ತಿದ್ದ ರಾಕ್ ಬ್ಯಾಂಡನ್ನು ಕಟ್ಟಿ ಬೆಳೆಸಿದ ಗಾಯಕ ಜೊತೆಯವರೊಂದಿಗೆ ಜಗಳವಾಡಿ ಬಿಟ್ಟುಹೋಗಿ ಒಂಬತ್ತು ವರ್ಷವಾಗಿತ್ತು. ಅಭಿಮಾನಿಗಳು ಅವನನ್ನು ಕರೆಯುತ್ತಿದ್ದದ್ದು ಗುಡುಗು ಎಂದು. ಆಮೇಲೆ ಅವನಿಗೆ ಕಾರು ಅಪಘಾತವಾಯಿತು ಎಂಬ ಸುದ್ದಿಯೊಂದು ಬಂತು, ಅಷ್ಟೇ. ಇದ್ದಾನೋ ಇಲ್ಲವೋ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಅಂದು ಕೊನೆಯ ಹಾಡಿಗೆ ಮೊದಲು ಎಲ್ಲ ದೀಪಗಳೂ ಆರಿದವು. ಯಾರೂ ಏನೂ ಘೋಷಿಸಲಿಲ್ಲ. ಜನ ಉಸಿರು ಬಿಗಿಹಿಡಿದು ಕಾದರು. ದೀಪ ಹತ್ತಿದಾಗ ಮೈಕಿನ ಮುಂದೆ ಗುಡುಗು ನಿಂತಿದ್ದ. ಒಂದೇ ಹಾಡು. ಮತ್ತೆ ಕತ್ತಲೆ. ಮತ್ತೆ ದೀಪ ಬಂದಾಗ ಆ ಜಾಗ ಖಾಲಿ. ಅದಾದ ಮೇಲೆ ಅವನು ಎಲ್ಲೂ ಹಾಡಲಿಲ್ಲ. ಹೋದ ವರ್ಷ ಸತ್ತ.

"ಇನ್ನು ಇವನ ಸರದಿ," ಎಂದು ಡ್ರೈವರು ಪಕ್ಕದವನ ಬೆನ್ನಿಗೆ ಬಾರಿಸಿದ. "ನಾವೆಲ್ಲ ನೋಡಿದ್ದು ಅವನ ಸೊಂಟದಿಂದ ಮೇಲೆ ಕಣಮ್ಮ. ವೇದಿಕೆ ಅಂಚಿಗೆ ಸಾಲಾಗಿ ಸ್ಪೀಕರ್ ಪೆಟ್ಟಿಗೆ ಇಟ್ಟಿದ್ರಲ್ಲ. ಇವನೊಬ್ಬ ಎಡಗಡೆ ಮೂಲೇಲಿ, ಕಂಬಿಗೆ ಅಂಟಿಕೊಂಡು ನಿಂತಿದ್ದ. ಎರಡು ಪೆಟ್ಟಿಗೆ ನಡುವೆ ಸಂದಿ. ಹೇಳೋ, ಹೇಳು."

ಬೆಳಿಗ್ಗೆಯಿಂದ ಅವನು ಕಂಬಿಗೆ ಅಂಟಿಕೊಂಡು ನಿಂತಿದ್ದದ್ದು ನಿಜವೇ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಹೊಟ್ಟೆಗೇನೂ ಹಾಕದೆ ಹತ್ತು ಗಂಟೆ ನಿಂತವನಿಗೆ ಕೊನೆಯಲ್ಲಿ ತಲೆ ತಿರುಗಿತ್ತು. ಕಾವಲಿನವರಿಬ್ಬರು ಬಟ್ಟೆಯ ಗಂಟಿನಂತೆ ಅವನನ್ನು ಕಂಬಿಯಾಚೆಗೆ ಎಳೆದುಕೊಂಡು, ವೇದಿಕೆಯ ಅಡಿಯಲ್ಲಿದ್ದ ಪ್ರಥಮ ಚಿಕಿತ್ಸೆಯ ಕೋಣೆಗೆ ತಂದು ಮಲಗಿಸಿದ್ದರು. ಎದ್ದು ಬಾಗಿಲು ತಳ್ಳಿದರೆ ಹೊರಗಿನವನು, "ಡಾಕ್ಟ್ರು ಬಂದು ನೋಡೋ ತನಕ ಬಿಡಲ್ಲ," ಎಂದು ಅಗಳಿ ಹಾಕಿದ. ಡಾಕ್ಟ್ರು ಬಂದದ್ದು ಎಲ್ಲ ಮುಗಿದ ಮೇಲೆ. ತಾನು ಪ್ರಾಣ ಕೊಡುವಷ್ಟು ಪ್ರೀತಿಸಿದ ಮನುಷ್ಯ ತಲೆಯ ಮೇಲೆ ಆರಡಿ ಎತ್ತರದಲ್ಲಿ ಹಾಡುತ್ತಿದ್ದಾಗ ಅವನು ಹಲಗೆಗಳ ಅಡಿಯಲ್ಲಿ ಗ್ಲೂಕೋಸ್ ನೀರು ಹಿಡಿದು ಕೂತಿದ್ದ. ಬಾಗಿಲು ಗುದ್ದಿ ಗುದ್ದಿ ಅತ್ತಿದ್ದ.

ಮರುದಿನ ಗೆಳೆಯರು, "ಹತ್ತಿರದಿಂದ ಹೇಗಿದ್ನೋ?" ಎಂದು ಮುತ್ತಿಕೊಂಡಾಗ ಬಾಯಿಗೆ ಬಂದದ್ದು, "ಬರಿಗಾಲಲ್ಲಿ ಬಂದ," ಎಂಬ ಮಾತು. ಕತ್ತಲಲ್ಲಿ ತಲೆಯ ಮೇಲೆ ನಡೆದುಹೋದ ಹೆಜ್ಜೆ ಬೂಟಿನವರ ಹೆಜ್ಜೆಯಂತೆ ಕೇಳಿರಲಿಲ್ಲ, ಅದನ್ನೇ ಹಿಡಿದು ಹೇಳಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಒಂದೇ ವಾರದಲ್ಲಿ ಅದಕ್ಕೆ ಒಗ್ಗರಣೆ ಬಿತ್ತು: ಗುಡುಗು ಪಾದ ಊರಿ ಹಲಗೆಯನ್ನು ಮುಟ್ಟಿ ನೋಡಿದ, ಬೆರಳು ಮಡಚಿದ, ಮನೆಗೆ ಬಂದವನ ಹಾಗೆ ಬಂದ. ತಿಂಗಳಾದ ಮೇಲೆ ಕ್ಯಾಸೆಟ್ಟಿನ ಅಂಗಡಿಯಲ್ಲಿ ಒಬ್ಬ ಹುಡುಗಿ ತಾನಾಗಿಯೇ ಬಂದು, "ಬರಿಗಾಲು ನೋಡಿದವರು ನೀವೇನಾ?" ಎಂದು ಕೇಳಿದಳು. ಅವಳು ಅಂದು ಮೈದಾನದ ಕೊನೆಯಲ್ಲಿ ನಿಂತು ಗಾಯಕನನ್ನು ಕಡ್ಡಿಯಷ್ಟು ಕಂಡವಳು. ಅವನು ಹೇಳಿದ, ಅವಳು ಕಣ್ಣು ತುಂಬಿಕೊಂಡು ಕೇಳಿದಳು. ಆ ಕಣ್ಣುಗಳ ಮುಂದೆ ನಿಜ ಹೇಳುವ ಎದೆಗಾರಿಕೆ ಅವನಿಗೆ ಅಂದೂ ಇರಲಿಲ್ಲ, ಮದುವೆಯಾದ ಮೇಲೂ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ಹೇಳದೆ ಉಳಿದ ದಿನಗಳು ಸೇರಿ ಸಂಸಾರವಾಯಿತು. ಈಚೀಚೆಗೆ ಅವಳೂ, "ನಾನೂ ನೋಡ್ದೆ, ಪಾದ ಹೊಳೀತಿತ್ತು," ಎನ್ನತೊಡಗಿದ್ದಳು.

ಈಗಲೂ ಹೇಳಿದ. ನಾಲಿಗೆಗೆ ದಾರಿ ಗೊತ್ತಿತ್ತು. ಅವನು ಜೊತೆಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಬೆರಳು ಮಡಚಿದ್ದು ಬಂದಾಗ ಡ್ರೈವರು ಎಂದಿನಂತೆ ನಿಟ್ಟುಸಿರುಬಿಟ್ಟ. ಹೆಂಡತಿ ಬಾಗಿಲಿಗೊರಗಿ, ಮುಂದಿನ ಮಾತು ಬರುವ ಮೊದಲೇ ತುಟಿಯಲ್ಲಿ ಅದನ್ನು ಆಡುತ್ತಿದ್ದಳು.

ಹುಡುಗಿ ಮಾತ್ರ ಅಲುಗಾಡಲಿಲ್ಲ. "ಎರಡೂ ಕಾಲಾ ಅಂಕಲ್?" ಎಂದಳು.

"ಎರಡೂ."

"ಎರಡೂ ಪಾದ ನೋಡಿದ್ರಾ? ನಿಮ್ಮ ಕಣ್ಣಿಂದ?"

"ನೋಡ್ದೆನಮ್ಮ."

ಅವಳು ಕೈಚಾಚಿ ರೆಕಾರ್ಡರ್ ಆರಿಸಿದಳು. ಕೆಂಪು ದೀಪ ಹೋಯಿತು.

"ನಾನು ಮೊದಲೇ ಹೇಳ್ಬೇಕಿತ್ತು, ಕ್ಷಮಿಸಿ. ಹೇಳಿದ್ರೆ ಜನ ನನ್ನ ಮುಖ ನೋಡ್ಕೊಂಡು ಮಾತಾಡ್ತಾರೆ. ಅವರು ನಮ್ಮಪ್ಪ."

ಡ್ರೈವರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೇ ಉಳಿದು ಕರಗಿತು. ಮೇಷ್ಟ್ರು ಎದ್ದು ನಿಂತರು, ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತರು.

"ಅಪಘಾತದಲ್ಲಿ ಅಪ್ಪನ ಎಡಗಾಲು ಹೋಯ್ತು, ಮೊಣಕಾಲಿಂದ ಕೆಳಗೆ," ಎಂದಳು ಹುಡುಗಿ. "ಯಾರಿಗೂ ಹೇಳ್ಲಿಲ್ಲ. ಕೃತಕ ಕಾಲು, ಅದರ ಮೇಲೆ ಬೂಟು. ಮನೇಲೂ ಬೂಟೇ. ನಾನು ಎದ್ದೇಳೋ ಮೊದಲು ಹಾಕಿರೋರು, ನಾನು ಮಲಗಿದ ಮೇಲೆ ಬಿಚ್ಚೋರು. ಆಸ್ಪತ್ರೆಲಿ ಕೊನೇ ದಿನಗಳಲ್ಲೂ ಕಾಲ ಮೇಲೆ ಹೊದಿಕೆ ಸರಿಯೋಕೆ ಬಿಡ್ಲಿಲ್ಲ. ಮಗಳು ನಾನು, ನನಗೇ ತೋರಿಸ್ಲಿಲ್ಲ. ಅವರು ಹೋದ ಮೇಲೆ ಯಾರೋ ಬರೆದಿದ್ದನ್ನ ಓದ್ದೆ, ಆವತ್ತು ಬರಿಗಾಲಲ್ಲಿ ಬಂದಿದ್ರು ಅಂತ. ನಲವತ್ತು ಜನರನ್ನ ಕೇಳಿದೀನಿ ಅಂಕಲ್. ಎಲ್ಲರೂ ಹೌದು ಅಂತಾರೆ. ನೀವು ನೋಡಿದ್ರಾ ಅಂದ್ರೆ, ನಾನಲ್ಲ, ಬರಿಗಾಲು ಅಂತ ಒಬ್ಬರಿದ್ದಾರೆ, ಅವರು ನೋಡಿದ್ದು ಅಂತಾರೆ."

ಅವನಿಗೆ ಕಂಡಂತಾಯಿತು: ಇಪ್ಪತ್ತೆರಡು ಸಾವಿರವೋ ಮೂವತ್ತು ಸಾವಿರವೋ, ಅಷ್ಟೂ ಜನ ಒಬ್ಬರ ಹಿಂದೊಬ್ಬರು ನಿಂತು ಕೊನೆಗೆ ಈ ಮೂಲೆಯ ಕುರ್ಚಿಯ ಕಡೆಗೆ ಬೆರಳು ತೋರಿಸುತ್ತಿದ್ದರು.

"ಅಬ್ಬಾ!" ಎಂದು ಡ್ರೈವರು ಮೊದಲು ಚೇತರಿಸಿಕೊಂಡ. "ಅಂದ್ರೆ ಆವತ್ತು ಅಷ್ಟು ಜನರ ಎದುರು ಬಿಚ್ಚಿ ತೋರಿಸಿದ! ಏನು ಗುಂಡಿಗೆ ರೀ ಅದು!"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸಿದರು. ಅದು ಇವನೇ ಮಾಡಿಕೊಟ್ಟ ಕನ್ನಡಕ. "ಎರಡೂ ಪಾದ ನೋಡಿದೆ ಅಂತೀಯ. ಬೆರಳು ಮಡಚಿದ ಅಂತೀಯ. ಒಂದು ಕಾಲು ನಿಜವಾದ್ದಲ್ಲ ಅಂತ ಗೊತ್ತಾಗ್ಲಿಲ್ವೇನೋ?"

"ಅಷ್ಟು ಬೆಳಕಲ್ಲಿ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?" ಎಂದು ಹೆಂಡತಿ ಬಾಗಿಲಿಂದಲೇ ಗಂಡನ ನೆರವಿಗೆ ಬಂದಳು. ಮುಖ ಕೆಂಪಾಗಿತ್ತು. "ನಾನೂ ನೋಡಿದೀನಲ್ಲ. ಪಾದ ಬೆಳ್ಳಗೆ ಹೊಳೀತಿತ್ತು. ಹೇಳ್ರೀ, ಎಡಗಾಲು ಸ್ವಲ್ಪ ಬೇರೆ ಥರ ಇತ್ತು ಅಲ್ವಾ? ನಂಗೀಗ ಜ್ಞಾಪಕ ಬರ್ತಿದೆ."

ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು ಅವನಿಗೆ. ಹೌದು ಎಂದರೆ ಮುಗಿಯಿತು. ಡ್ರೈವರು ನಾಳೆಯೇ ಬಸ್ಸಿನಲ್ಲಿ ಊರಿಗೆಲ್ಲ ಹಂಚುತ್ತಾನೆ. ಹೆಂಡತಿ ಗೆಲ್ಲುತ್ತಾಳೆ. ಈ ಹುಡುಗಿ, ತನಗೆ ತೋರಿಸದ ಕಾಲನ್ನು ಅಪ್ಪ ಲೋಕಕ್ಕಾದರೂ ತೋರಿಸಿದ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗುತ್ತಾಳೆ. ಒಂದು ಗೋಣು ಅಲ್ಲಾಡಿಸಿದರೆ ಸಾಕು. ಯಾರಿಗೆ ನಷ್ಟ?

ಅವನು ಹುಡುಗಿಯ ಮುಖ ನೋಡಿದ. ಆ ನೋಟ ಅವನಿಗೆ ಹೊಸದಲ್ಲ. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತವರು, ಫಲಕದ ಕೊನೆಯ ಸಾಲು ಕಾಣದಿದ್ದರೂ ಕಾಣುತ್ತಿದೆ ಎನ್ನಬೇಕೆಂಬ ಆಸೆಯಿಂದ ಹೀಗೇ ಕಣ್ಣು ಕಿರಿದು ಮಾಡುತ್ತಾರೆ. ಅವರ ಮಾತು ನಂಬಿ ಗಾಜು ಕೊಟ್ಟರೆ ಖುಷಿಯಾಗಿ ಹಾಕಿಕೊಂಡು ಹೊರಡುತ್ತಾರೆ, ಅಂಗಡಿಯ ಮೆಟ್ಟಿಲಲ್ಲೇ ಎಡವುತ್ತಾರೆ. ಬೇರೆ ಯಾವುದರಲ್ಲಿ ಸುಳ್ಳನಾದರೂ ಆ ಕೆಲಸದಲ್ಲಿ ಅವನು ಒಮ್ಮೆಯೂ ಮೋಸ ಮಾಡಿದವನಲ್ಲ.

"ನಾನು ನೋಡಿಲ್ಲಮ್ಮ," ಎಂದ.

"ಏನು?" ಎಂದ ಡ್ರೈವರು.

"ನಾನು ಏನೂ ನೋಡಿಲ್ಲ. ತಲೆಸುತ್ತು ಬಂದು ಬಿದ್ದಿದ್ದೆ. ವೇದಿಕೆ ಅಡಿ ಒಂದು ಕೋಣೇಲಿ ಹಾಕಿ ಚಿಲಕ ಹಾಕಿದ್ರು. ಬರಿಗಾಲು, ಬೆರಳು, ಎಲ್ಲ ನಾನು ಕಟ್ಟಿದ್ದು."

ಡ್ರೈವರು ಗಹಗಹಿಸಿ ನಕ್ಕ. "ನೋಡಿ, ದೊಡ್ಡವರ ಮಗಳು ಅಂತ ಗೊತ್ತಾದ ತಕ್ಷಣ ನಾಚಿಕೆ ಇವನಿಗೆ! ಏಯ್, ನಿನ್ನ ಹೆಸರೇ ಬರಿಗಾಲು ಕಣೋ!" ಯಾರೂ ಜೊತೆಗೆ ನಗಲಿಲ್ಲ. ನಗು ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ತಾನೇ ಸೋತು ಇಳಿಯಿತು.

ಮನೆಯೊಡೆಯ ಹೆಂಡತಿಯ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಂತುಹೋಗುತ್ತದೆಂದು ಗೊತ್ತಿತ್ತು. ಹುಡುಗಿಯನ್ನೇ ನೋಡುತ್ತ ಹೇಳಿದ.

"ಕೇಳಿಸ್ಕೊಂಡೆ, ಅದು ನಿಜ. ದೀಪ ಆರಿದಾಗ ಮೇಲೆ ಎಲ್ಲ ಸದ್ದೂ ನಿಂತ್ಹೋಯ್ತು. ಬಲಗಡೆಯಿಂದ ಯಾರೋ ನಡ್ಕೊಂಡು ಬಂದ್ರು. ಬ್ಯಾಂಡಿನವರ ಬೂಟಿನ ಸದ್ದು ಅಷ್ಟು ಹೊತ್ತೂ ಕೇಳಿದ್ನಲ್ಲ, ಇದು ಹಾಗಿರ್ಲಿಲ್ಲ. ಒಂದು ಹೆಜ್ಜೆ ಕೇಳಿಸೋದೇ ಇಲ್ಲ ಅನ್ನೋಷ್ಟು ಮೆತ್ತಗೆ. ಅದಕ್ಕೇ ಬರಿಗಾಲು ಅಂದ್ಕೊಂಡೆ. ಇನ್ನೊಂದು ಗಟ್ಟಿ. ಊರುಗೋಲಿರಬಹುದು, ಮೈಕಿನ ಕೋಲಿರಬಹುದು ಅಂತ ಅದನ್ನ ಬಿಟ್ಟುಬಿಟ್ಟೆ. ಯಾರಿಗೂ ಹೇಳ್ಲಿಲ್ಲ."

"ಹೇಗೆ ಗಟ್ಟಿ?" ಹುಡುಗಿಯ ದನಿ ಇಳಿದಿತ್ತು.

ಅವನು ಮೇಜಿನ ಮೇಲೆ ಅಂಗೈಯನ್ನು ಒಮ್ಮೆ ಮೆಲ್ಲಗೆ ಊರಿದ. ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದ. ಮತ್ತೆ ಅಂಗೈ, ಸ್ವಲ್ಪ ತಡೆದು, ಮತ್ತೆ ಗೆಣ್ಣು. ಹನ್ನೊಂದು ಹೆಜ್ಜೆ. ಅವನು ಅಂದು ಎಣಿಸಿದ್ದ, ಇಂದಿನವರೆಗೆ ಮರೆತಿರಲಿಲ್ಲ. ಹನ್ನೊಂದನೆಯದಕ್ಕೆ ಅಂಗೈ ಊರಿ ನಿಲ್ಲಿಸಿದ.

ಹುಡುಗಿಯ ಕಣ್ಣು ಮುಚ್ಚಿತ್ತು. "ಅಪ್ಪ," ಎಂದಳು. ಕರೆದಂತಿತ್ತು. "ರಬ್ಬರಿನ ಅಡಿ ಇರೋ ಬೂಟು ಅದು. ಬಲಗಾಲು ಕೇಳಿಸ್ತಾ ಇರ್ಲಿಲ್ಲ. ಎಡಗಾಲು ಭಾರ, ಬೂಟಿದ್ರೂ ಹೀಗೇ ಕುಟ್ತಿತ್ತು. ನನ್ನ ಕೋಣೆ ಮುಂದೆ ಹೀಗೇ ಹೋಗೋರು. ಆ ಸದ್ದು ಮರೆತ್ಹೋಗಿತ್ತು ನಂಗೆ. ಎಷ್ಟು ಸಲ ಜ್ಞಾಪಿಸ್ಕೊಳ್ಳೋಕೆ ನೋಡಿದೀನಿ, ಬರ್ತಾನೇ ಇರ್ಲಿಲ್ಲ." ಕಣ್ಣು ತೆರೆಯದೆಯೇ ತಡಕಾಡಿ ರೆಕಾರ್ಡರಿನ ಗುಂಡಿ ಒತ್ತಿದಳು. "ಇನ್ನೊಂದ್ಸಲ ಮಾಡ್ತೀರಾ?"

ಆಗ ಹೆಂಡತಿ ಬಾಗಿಲು ಬಿಟ್ಟು ಮುಂದೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಕಳೆದ ವಸ್ತುವನ್ನು ಮನೆಯವರಲ್ಲಿ ವಿಚಾರಿಸುವಂತೆ ಕೇಳಿದಳು.

"ಹಾಗಾದ್ರೆ ನಾನು ನೋಡಿದ್ದು ಏನ್ರೀ?"

ಮೇಷ್ಟ್ರು ತಟ್ಟೆಯ ಬಿಸ್ಕತ್ತುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಅವಳು ಸ್ವಲ್ಪ ಕಾದಳು. ಆಮೇಲೆ ಬಗ್ಗಿ ಚಹಾದ ಲೋಟಗಳನ್ನು ಕೂಡಿಸಿಕೊಂಡಳು. ಗಂಡನ ಲೋಟ ತುಂಬಿದ್ದಂತೆಯೇ ಇತ್ತು. ಅದನ್ನೂ ಎತ್ತಿಕೊಂಡು ಒಳಗೆ ಹೋದಳು.

ಅವಳ ಹಿಂದೆ ಹೋಗಬೇಕೆಂದು ಅವನ ಜೀವವೆಲ್ಲ ಎದ್ದು ನಿಂತಿತು. ಮೇಜು ಮೊಣಕಾಲಿಗೆ ಒತ್ತುತ್ತಿತ್ತು. ಡ್ರೈವರು ತಲೆ ತಗ್ಗಿಸಿ ಅಲ್ಲಾಡದೆ ಕೂತಿದ್ದ. ಎದುರಿಗೆ ಹುಡುಗಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅವನು ಅಂಗೈ ಊರಿದ, ಗೆಣ್ಣಿನಿಂದ ಕುಟ್ಟಿದ, ಅಂಗೈ ಊರಿದ. ಹನ್ನೊಂದಾಯಿತು.

"ಇನ್ನೊಂದೇ ಒಂದ್ಸಲ ಅಂಕಲ್," ಎಂದಳು ಅವಳು.

ಒಳಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ನೀರು ತೊಟ್ಟಿಗೆ ಬೀಳುತ್ತಲೇ ಇತ್ತು. ಲೋಟ ತೊಳೆಯುವ ಸದ್ದು ಮಾತ್ರ ಕೇಳಿಬರಲಿಲ್ಲ. ಅವನು ಕಿವಿಯನ್ನು ಆ ಕಡೆಗಿಟ್ಟುಕೊಂಡೇ ಅಂಗೈಯನ್ನು ಮತ್ತೆ ಮೇಜಿನ ಮೇಲೆ ಮೆಲ್ಲಗೆ ಊರಿದ.