ಯಜಮಾನರ ನಾಲಿಗೆ

ಪಾರ್ಶ್ವವಾಯು ಬಡಿದ ಮೇಲೆ ನಾನು ಆರೈಕೆಗಿದ್ದ ಮನೆಯ ಯಜಮಾನರ ಮಾತು ಹೊರಗಿನವರಿಗೆ ಅರ್ಥವಾಗುತ್ತಿರಲಿಲ್ಲ. ಬುದ್ಧಿ ಹರಿತವಾಗಿಯೇ ಇತ್ತು. ಬಾಯಿಗೆ ಬರುವಷ್ಟರಲ್ಲಿ ಪದಗಳು ಕಲಸಿದ ಹಿಟ್ಟಿನಂತಾಗುತ್ತಿದ್ದವು. ಎರಡು ಸಲ ದೇಶ ಆಳಿದವರು, ಗಡಿಯಾಚೆಯವರೊಡನೆ ಶಾಂತಿ ಒಪ್ಪಂದ ಮಾಡಿಕೊಂಡವರು. ಈಗ ಅವರ ಬಾಯಿ ಒರೆಸುವುದು, ಕೈಕಾಲು ಆಡಿಸುವುದು, ಮಾತ್ರೆ ಕೊಡುವುದು ನನ್ನ ಕೆಲಸ. ದಿನವಿಡೀ ಅವರ ತುಟಿ ನೋಡಿ ನೋಡಿ ನನಗೆ ಆ ಮಾತು ತಿಳಿಯತೊಡಗಿತು. ಬಂದವರಿಗೆ ನಾನೇ ತಿರುಗಿ ಹೇಳಬೇಕಾಯಿತು. ಶಾಲೆಯಲ್ಲಿ ಎದ್ದು ನಿಂತು ಓದು ಅಂದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದವಳು ನಾನು.

"ಇಷ್ಟು ವರ್ಷ ಸಂಸಾರ ಮಾಡಿದ ನಂಗೇ ನಿಮ್ಮ ಮಾತು ಅರ್ಥ ಆಗ್ಲಿಲ್ಲ. ಈ ಗುಬ್ಬಿಗೆ ಹೇಗೆ ಆಗುತ್ತೋ!" ಎಂದು ಅವರ ಹೆಂಡತಿ ರೇಗಿಸುತ್ತಿದ್ದರು. ಆ ಮನೆಯಲ್ಲಿ ನನ್ನ ಹೆಸರೇ ಗುಬ್ಬಿ ಎಂದಾಗಿಬಿಟ್ಟಿತ್ತು.

ಒಂದು ಮಧ್ಯಾಹ್ನ ಪ್ರಧಾನಿ ಬಂದರು. ಒಂದು ಕಾಲಕ್ಕೆ ಯಜಮಾನರ ಚೀಲ ಹಿಡಿದುಕೊಂಡು ಓಡಾಡಿದವರು. ಹಿಂದಿನ ದಿನದಿಂದ ಗಡಿಯ ಗುಡ್ಡದ ಮೇಲಿನ ನಮ್ಮ ಠಾಣೆಯ ಮೇಲೆ ಆ ಕಡೆಯವರು ಗುಂಡು ಹಾರಿಸುತ್ತಿದ್ದರು. ಅದೇ ಠಾಣೆಯಲ್ಲಿ ನನ್ನ ಅಣ್ಣನಿದ್ದ. ಇದನ್ನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದೇಶದ ಮಾತಾಡುವ ಕಡೆ ನನ್ನ ಮನೆಯ ಮಾತು ಎತ್ತಲು ಸಂಕೋಚ.

"ಸೇನೆಯವರು ತಿರುಗಿ ಹೊಡೆಯೋಣ ಅಂತಾರೆ, ಇಲ್ಲ ನಮ್ಮೋರನ್ನ ಗುಡ್ಡದಿಂದ ಇಳಿಸಿ ಅಂತಾರೆ ಸರ್," ಎಂದರು ಪ್ರಧಾನಿ. "ಬೆಳಗ್ಗೆ ಆ ಕಡೆ ಅಧ್ಯಕ್ಷರ ಫೋನು. ಅವರದೊಂದು ತುಕಡಿ ಮಾತು ಕೇಳ್ತಿಲ್ವಂತೆ. ನಾಳೆವರೆಗೆ ತಡ್ಕೊಳ್ಳಿ, ನಾನೇ ಸುಮ್ಮನಾಗಿಸ್ತೀನಿ ಅಂದ್ರು. ನಂಬೋದಾ?"

ಯಜಮಾನರ ತುಟಿ ಅಲುಗಿತು. "ಎಷ್ಟು ಹೊತ್ತು ಮಾತಾಡಿದ್ರು ಅಂತ ಕೇಳ್ತಿದ್ದಾರೆ," ಎಂದೆ.

"ಇಷ್ಟೇ ಹೇಳಿ ಇಟ್ಬಿಟ್ರು."

ಯಜಮಾನರ ಬಾಯಿಯ ಸರಿಯಿದ್ದ ಕಡೆ ನಗು ಮೂಡಿತು. "ಹಾಗಾದ್ರೆ ನಿಜ ಅಂತೆ. ಆ ಮನುಷ್ಯ ಸುಳ್ಳು ಹೇಳೋವಾಗ ಪುರಾಣ ಬಿಚ್ತಾನಂತೆ."

"ಬೀದೀಲಿ ಜನ ಬಳೆ ತೊಟ್ಕೊಂಡಿದ್ದೀಯಾ ಅಂತ ಕೂಗ್ತಿದ್ದಾರೆ ಸರ್."

ಯಜಮಾನರು ನಿಧಾನವಾಗಿ ಮಾತಾಡಿದರು. ನಾನು ಒಂದೊಂದೇ ತುಂಡಾಗಿ ಹೇಳುತ್ತ ಹೋದೆ: "ನಂಗೂ ಕೂಗಿದ್ರು. ಮೊದಲನೇ ಸಲ ಗದ್ದುಗೆ ಏರಿದಾಗ ಆ ಕೂಗಿಗೆ ಸೋತೆ. ಹೊಡೀರಿ ಅಂದೆ. ಊರೆಲ್ಲ ಚಪ್ಪಾಳೆ. ಆಮೇಲೆ ಮೂರು ವರ್ಷ ಹೊತ್ತಿ ಉರೀತು. ಆರಿಸೋಕೆ ಬಂದಾಗ ಚಪ್ಪಾಳೆ ಹೊಡೆದೋರು ಒಬ್ಬರೂ ಇರಲಿಲ್ಲ."

ಆ ಮೂರು ವರ್ಷಗಳಲ್ಲೇ ನಮ್ಮಪ್ಪ ಹೋದದ್ದು, ನಾನು ಶಾಲೆ ಬಿಟ್ಟದ್ದು.

ಆಮೇಲೆ ಅವರು ಅಂದರು: "ಗುಡ್ಡ ಬಿಡಬೇಡ. ಆ ತುಕಡಿ ಹತ್ತಿ ಕೂತ್ರೆ ಅವರ ಅಧ್ಯಕ್ಷನೂ ಇಳಿಸಲಾರ. ಠಾಣೆಯವರು ಅಲ್ಲೇ ಇರಲಿ. ಮೇಲೆ ಹತ್ತಿ ಬಂದ್ರೆ ಬೇರೆ ಮಾತು, ಇಲ್ಲದಿದ್ರೆ ನಾಳೆವರೆಗೆ ಒಂದು ಗುಂಡೂ ಹಾರಿಸಬಾರದು."

ನಾನು ಬಾಯಿ ತೆರೆಯಲಿಲ್ಲ.

"ಏನಂದ್ರಮ್ಮ?" ಪ್ರಧಾನಿ ಕೇಳಿದರು.

'ಇಳಿಸು ಅಂದ್ರು' ಎಂದರೆ ಸಾಕಿತ್ತು. ಅಣ್ಣ ಸಂಜೆಯೊಳಗೆ ಕೆಳಗಿರುತ್ತಿದ್ದ. ಯಜಮಾನರು ತಲೆ ಅಲ್ಲಾಡಿಸಿದರೂ, ದಣಿದಿದ್ದಾರೆ ಎಂದು ನಂಬಿಸಬಹುದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಕೇಳಿಸಿಲ್ಲವೇನೋ ಎಂದುಕೊಂಡು ಅದೇ ಮಾತನ್ನು ಮತ್ತೊಮ್ಮೆ, ಕಷ್ಟಪಟ್ಟು, ಬಿಡಿಸಿ ಬಿಡಿಸಿ ಹೇಳಿದರು. ಜೊಲ್ಲು ಗಲ್ಲಕ್ಕೆ ಇಳಿಯಿತು. ಅದನ್ನು ಒರೆಸಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಹಿಂದೆಯೇ ನನ್ನ ಮಾತೂ ಹೊರಬಿತ್ತು. "ನಮ್ಮಣ್ಣ ಅಲ್ಲಿದ್ದಾನೆ."

ಪ್ರಧಾನಿ ಹೊರಡಲು ಎದ್ದರು. ಯಜಮಾನರು ಸರಿಯಿದ್ದ ಕೈಯಿಂದ ಕುರ್ಚಿ ತಟ್ಟಿ ಏನೋ ಅಂದರು. ನನ್ನ ಬಗ್ಗೆಯ ಮಾತನ್ನು ನಾನೇ ಹೇಳಬೇಕಾಯಿತು: "ಮೊದಲು ಇವಳಿಗೆ ನಿನ್ನ ತೀರ್ಮಾನ ಹೇಳಿ ಹೋಗು ಅಂತಿದ್ದಾರೆ. ಅವರು ಆ ಮೊದಲನೇ ಸಲ ಯಾರ ಮುಖಾನೂ ನೋಡದೆ ಆಜ್ಞೆ ಕೊಟ್ರಂತೆ."

ಪ್ರಧಾನಿ ಕೂತರು. ಕನ್ನಡಕ ತೆಗೆದು ಒರೆಸಿದರು. "ನಿಮ್ಮಣ್ಣ ಅಲ್ಲೇ ಇರ್ಬೇಕಮ್ಮ. ತಿರುಗಿ ಹೊಡೀಬಾರ್ದು. ನಾನೇ ಹೇಳ್ತಿದ್ದೀನಿ."

"ಸರಿ ಸರ್," ಎಂದೆ.

ಮರುದಿನ ಗುಂಡಿನ ಸದ್ದು ನಿಂತಿತೆಂದು ರೇಡಿಯೋ ಹೇಳಿತು. ಅದರ ಮಾರನೆಯ ದಿನ, ಯಜಮಾನರ ಕಾಲು ತಿಕ್ಕುತ್ತಿದ್ದಾಗ ಅಣ್ಣನ ಫೋನು ಬಂತು.

"ಯಾವನೋ ತಲೆಕೆಟ್ಟೋನು ಕೈಕಟ್ಟಿ ಕೂರಿ ಅಂದ ಕಣೇ. ಇಲಿ ಥರ ಬಿಲದಲ್ಲಿ ಕೂತಿದ್ವಿ. ನಮ್ಮ ಅಡುಗೆಯವನ ಒಂದು ಕಾಲು ಹೋಯ್ತು. ಹಾಗಂದೋನು ನನ್ನ ಕೈಗೆ ಸಿಗ್ಬೇಕು!"

"ಅಂದಿದ್ದು ನಮ್ಮ ಯಜಮಾನರು. ಪ್ರಧಾನಿಗೆ ಹೇಳಿದ್ದು ನಾನು."

"ನೀನಾ? ಅಂಗಡೀಲಿ ಚಿಲ್ಲರೆ ಕೇಳೋಕೆ ನಾಚೋಳು?" ನಗಲು ಹೋದವನು ನಿಲ್ಲಿಸಿದ. "ಆ ಅಡುಗೆಯವನಿಗೆ ಏನು ಹೇಳ್ಲಿ ಈಗ?" ಎಂದ.

ಫೋನನ್ನು ಯಜಮಾನರ ಕಿವಿಗೆ ಹಿಡಿದು, "ಇವರಿಗೇ ಹೇಳು," ಎಂದೆ. ಅಣ್ಣ ಬೈದನೋ ಅತ್ತನೋ, ಅವರು ಕಣ್ಣು ಮುಚ್ಚದೆ ಕೊನೆತನಕ ಕೇಳಿದರು. ಆಮೇಲೆ ತುಟಿ ಅಲುಗಿತು.

"ಏನಂತೆ?" ಎಂದ ಅಣ್ಣ.

"ಅವನನ್ನ ಯಾವ ಆಸ್ಪತ್ರೇಲಿ ಇಟ್ಟಿದ್ದಾರೆ ಅಂತ ಕೇಳ್ತಿದ್ದಾರೆ. ಗಾಲಿಕುರ್ಚೀಲಾದ್ರೂ ಸರಿ, ಹೋಗ್ತಾರಂತೆ. ಮಾತು ಹೇಳೋಕೆ ನಾನೂ ಬರ್ಬೇಕಂತೆ."