ಮೂಸಾಕನ ದಾರಂದದ ಮೊಳೆಗಳು

ಯಾರಾದರೂ ಹಳೆಯ ಕಾಲದ ಗಾಳಿಮಳೆಯ ಸುದ್ದಿ ತೆಗೆದರೆ ಅದರಲ್ಲಿ ಅರ್ಧ ಕಳೆದು ಕೇಳುವುದು ನನ್ನ ಹಳೆಯ ಚಾಳಿ. ಬಂಟ್ವಾಳ ಪೇಟೆಯಲ್ಲಿ ಅಂಥ ಸುದ್ದಿಗೇನೂ ಬರವಿರಲಿಲ್ಲ. ಐವತ್ತೆಂಟರಲ್ಲಿ ನಾನು ಮೂಡಬಿದಿರೆಯಿಂದ ಇಲ್ಲಿನ ಶಾಲೆಗೆ ಮಾಷ್ಟ್ರಾಗಿ ಬಂದ ವಾರದೊಳಗೇ ಇಪ್ಪತ್ತಮೂರರ ದೊಡ್ಡ ನೆರೆಯ ಕಥೆಯನ್ನು ಹತ್ತು ಜನರ ಬಾಯಲ್ಲಿ ಕೇಳಿಯಾಗಿತ್ತು. ಒಬ್ಬ ನೀರು ಮಾಡಿನ ಹೆಂಚಿನವರೆಗೆ ಬಂತೆಂದ, ಇನ್ನೊಬ್ಬ ಮಾಡೇ ಮುಳುಗಿತೆಂದ. ಮೂರನೆಯವನಂತೂ ತೆಂಗಿನ ಮರದ ಕುತ್ತಿಗೆಗೆ ದೋಣಿ ಕಟ್ಟಿದ್ದನಂತೆ. ನಾನು ಒಳಗೊಳಗೇ ನಕ್ಕು ಚಹಾ ಕುಡಿದೆ.

ನಾವಿದ್ದದ್ದು ಹೊಳೆಬದಿಯ ಬಾಡಿಗೆ ಮನೆಯಲ್ಲಿ. ನಾನು, ಹೆಂಡತಿ ಶಶಿಪ್ರಭಾ, ಅರವತ್ತೊಂದರ ಹೊತ್ತಿಗೆ ಒಂದೂವರೆ ವರ್ಷ ತುಂಬಿದ್ದ ಮಗಳು ಕಾಂತಿ. ಮನೆಯ ಯಜಮಾನ ಮೂಸಾ ಬ್ಯಾರಿ, ಊರಿಗೆಲ್ಲ ಮೂಸಾಕ. ಮಂಗಳೂರಿನ ಬಂದರಿನಿಂದ ಉಪ್ಪು, ಒಣಮೀನು ತುಂಬಿಸಿ ನೇತ್ರಾವತಿಯಲ್ಲಿ ದೋಣಿ ಮೇಲೆ ತರುವುದು ಅವರ ತಂದೆಯ ಕಾಲದ ಕಸುಬು. ಈಗ ಅರವತ್ತು ದಾಟಿದ್ದರು, ವಾಸ ಮೇಲಿನ ಗುಡ್ಡೆಯಲ್ಲಿ. ಮನೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ. ಮುಂಬಾಗಿಲಿನ ದಾರಂದಕ್ಕೆ, ಆ ಮರದ ಚೌಕಟ್ಟಿಗೆ, ಒಂದರ ಕೆಳಗೊಂದು ನಾಲ್ಕು ತಾಮ್ರದ ಮೊಳೆ ಹೊಡೆದಿತ್ತು. ಅವುಗಳನ್ನು ಕೀಳಬಾರದು.

ಅರವತ್ತೊಂದರ ಬೇಸಿಗೆಯಲ್ಲಿ ತಾಲೂಕು ಕಚೇರಿಯಿಂದ ಶಾಲೆಗೊಂದು ಕಾಗದ ಬಂತು. ಊರನ್ನು ಬಾಧಿಸಿದ ಬಿರುಗಾಳಿ, ನೆರೆಗಳ ಬಗ್ಗೆ ಒಂದು ವರದಿ ಬೇಕಿತ್ತು. ನನ್ನ ಅಕ್ಷರ ಚಂದ ಎಂಬ ನೆಪ ಹೇಳಿ ಹೆಡ್ಮಾಷ್ಟ್ರು ಅದನ್ನು ನನ್ನ ತಲೆಗೆ ಕಟ್ಟಿದರು. ನಾನು ಮೂಸಾಕನನ್ನು ಕರೆದು ಜಗಲಿಯಲ್ಲಿ ಕೂರಿಸಿದೆ.

ಅವರ ನೆನಪಿನ ಶಕ್ತಿಗೆ ಮಾತ್ರ ಅಂದೇ ತಲೆಬಾಗಿದೆ. ಎಲ್ಲಕ್ಕಿಂತ ಮೇಲಿನ ಮೊಳೆ ಇಪ್ಪತ್ತಮೂರರದ್ದು. ಅದರ ಕೆಳಗಿನದು ಮಂಗಳೂರಿನ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ಉಪ್ಪು ತುಂಬಿದ ಮಂಜಿ ಹಡಗು ಒಡೆದ ವರ್ಷದ್ದು. ಮೂರನೆಯದು ಯುದ್ಧದ ಕಾಲದ್ದು, ಬಂದರಿನ ಗೋದಾಮುಗಳ ಹೆಂಚನ್ನೆಲ್ಲ ಎಬ್ಬಿಸಿಕೊಂಡು ಹೋದ ಗಾಳಿ. ನಾಲ್ಕನೆಯದು ನಾನು ಬರುವ ನಾಲ್ಕು ವರ್ಷ ಮೊದಲಿನದು. ಗಾಳಿ ಯಾವ ಮೂಲೆಯಿಂದ ಎದ್ದಿತು, ಎಷ್ಟು ದಿನ ಬೀಸಿತು, ಯಾರ ದೋಣಿ ಹೋಯಿತು, ಅದರಲ್ಲಿ ಯಾರಿದ್ದರು, ಅವರ ಮಕ್ಕಳು ಈಗ ಎಲ್ಲಿದ್ದಾರೆ, ಎಲ್ಲವನ್ನೂ ಅವರು ತಡವರಿಸದೆ ಹೇಳಿದರು. ಮಗ್ಗಿ ಕೇಳಿದರೆ ಮಾಡು ನೋಡುವ ಮಕ್ಕಳಿಗೆ ಪಾಠ ಹೇಳುವ ನನಗೆ ಅದು ಸಣ್ಣ ಮಾತಲ್ಲ.

ಅವರು ಹೋದ ಮೇಲೆ ಶಾಲೆಯ ಅಡಿಕೋಲಿನಿಂದ ಮೊಳೆಗಳನ್ನು ಅಳೆದೆ. ಮೇಲಿನದು ನನ್ನ ಸೊಂಟಕ್ಕೆ, ಎರಡನೆಯದು ಮೊಣಕಾಲಿನ ಮೇಲಕ್ಕೆ, ಮೂರನೆಯದು ಮೊಣಕಾಲಿನ ಕೆಳಕ್ಕೆ, ನಾಲ್ಕನೆಯದು ಹೊಸ್ತಿಲಿನಿಂದ ಒಂದು ಗೇಣು ಮೇಲಕ್ಕೆ ಬಂತು. ನನಗಾದ ಖುಷಿ ಹೇಳತೀರದು. ಮಾಡು ಮುಳುಗಿಸಿದ ನೆರೆ ಇದೇ ಏನು, ಬರೀ ಸೊಂಟದ ನೀರು! ವರದಿಯಲ್ಲಿ ದುಂಡನೆಯ ಉರುಟು ಅಕ್ಷರದಲ್ಲಿ ಎರಡು ಮಾತು ಬರೆದೆ. ಇಪ್ಪತ್ತಮೂರರ ಬಗ್ಗೆ ಜನ ಹೇಳುವುದು ಬಹುಪಾಲು ಉತ್ಪ್ರೇಕ್ಷೆ. ಬಿರುಗಾಳಿಗಳ ಬಲ ಸಲದಿಂದ ಸಲಕ್ಕೆ ಕುಗ್ಗುತ್ತ ಬಂದಿದೆ. ಅಳತೆಗಳನ್ನು ಕೆಳಗೆ ಸೇರಿಸಿ ಕಳಿಸಿಕೊಟ್ಟೆ.

ಅದೇ ಜುಲೈಯಲ್ಲಿ ಮೂರು ದಿನ ಕಡಲಿನ ಕಡೆಯಿಂದ ಬಿಡದೆ ಗಾಳಿ ಬೀಸಿತು. ಶನಿವಾರ ಬೆಳಿಗ್ಗೆ ಹೊಳೆ ಅಂಗಳಕ್ಕೆ ಬಂತು. ಹನ್ನೊಂದರ ಹೊತ್ತಿಗೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಿತು. ಮಗುವನ್ನು ಎತ್ತಿಕೊಂಡು ಗುಡ್ಡೆಗೆ ಹೋಗುವ ಎಂದು ಶಶಿಪ್ರಭಾ ಆಗಿಂದ ಹೇಳುತ್ತಲೇ ಇದ್ದಳು. ನಾನು ಅವಳಿಗೆ ಮೊಳೆಗಳನ್ನು ತೋರಿಸಿದೆ. ಮಳೆಯೂ ನಿಂತಿತ್ತು. ಹೆಚ್ಚೆಂದರೆ ಇನ್ನೊಂದು ಗೇಣು ಬಂದೀತು ಎಂದು ಪುಸ್ತಕಗಳನ್ನು ಟ್ರಂಕಿಗೆ ತುಂಬಿ, ಟ್ರಂಕನ್ನು ಮಂಚದ ಮೇಲಿಟ್ಟು ಕೂತೆ. ಅವಳು ಮುಖ ತಿರುಗಿಸಿಕೊಂಡು ಮಗುವಿನ ಬಟ್ಟೆ ಗಂಟು ಕಟ್ಟತೊಡಗಿದಳು.

ಅಷ್ಟರಲ್ಲಿ ಮೂಸಾಕ ಲುಂಗಿ ಮೇಲೆ ಕಟ್ಟಿ, ನೀರು ಸೀಳಿಕೊಂಡು ಬಂದು ಬಾಗಿಲಲ್ಲಿ ನಿಂತರು. ಇನ್ನೂ ಹೊರಡಲಿಲ್ಲವೇ ಎಂದು ಕೇಳಿದರು. ಅವರದೇ ಮೊಳೆಗಳನ್ನು ಅವರಿಗೇ ತೋರಿಸಿ ನಾನು ಅಂಕಿಸಂಖ್ಯೆ ಸಮೇತ ಪಾಠ ಶುರುಮಾಡಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಮೇಲಿನ ಮೊಳೆಯ ಮೇಲೆ ಕೈಯಿಟ್ಟರು.

“ಇದು ನೀರು ಬಂದ ಮಟ್ಟ ಅಲ್ಲ ಮಾಷ್ಟ್ರೇ. ನೀರು ಮಾಡು ದಾಟಿ ಹೋಗಿತ್ತು. ಇದು ನಾವು ಮನೆ ಬಿಟ್ಟು ಹೊರಟ ಮಟ್ಟ. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಅಂತ ಸೊಂಟಕ್ಕೆ ಬರುವವರೆಗೆ ಕೂತೆವು. ಅಂಗಳ ದಾಟುವಾಗ ಉಮ್ಮನ ಕೈಯಿಂದ ತಂಗಿ ಜಾರಿದಳು. ಬೀಫಾತಿಮಾ ಅಂತ ಹೆಸರು. ನಿಮ್ಮ ಮಗಳಷ್ಟೇ ಇದ್ದಳು.”

ಉಳಿದದ್ದನ್ನೂ ಅವರೇ ಹೇಳಿದರು. ಆ ನೆರೆ ಇಳಿದ ಮೇಲೆ ಅವರ ತಂದೆ ಮೊದಲ ಮೊಳೆ ಹೊಡೆದು, ಮುಂದಿನ ಸಲ ಇದಕ್ಕಿಂತ ಕೆಳಗೇ ಹೊರಡಬೇಕು ಎಂದು ಮನೆಯವರೆಲ್ಲರಿಂದ ಮಾತು ತೆಗೆದುಕೊಂಡರಂತೆ. ಅಂದಿನಿಂದ ಪ್ರತಿ ಬಿರುಗಾಳಿಗೂ ಅವರು ಇನ್ನಷ್ಟು ಬೇಗ ಹೊರಟಿದ್ದರು. ಆಮೇಲೆ ಈ ಮನೆಯಿಂದ ಒಂದು ಜೀವವೂ ಹೋಗಲಿಲ್ಲ. ಅವರು ಬೇಗ ಬೇಗ ಹೊರಟದ್ದನ್ನೇ ನಾನು ಬಿರುಗಾಳಿಯ ಬಲ ಕುಗ್ಗಿತೆಂದು ಬರೆದಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

“ಇಲ್ಲಿ ಮಳೆ ಬಿಟ್ಟರೆ ಏನಾಯಿತು?” ಎಂದರು. “ಮೇಲೆ ಬೆಳ್ತಂಗಡಿ ಕಡೆ ಹೊಯ್ಯುತ್ತಾ ಉಂಟು. ಅಳಿವೆಯಲ್ಲಿ ಕಡಲು ನೀರು ತೆಗೆದುಕೊಳ್ಳುವುದಿಲ್ಲ. ಘಟ್ಟದ ನೀರು ಇನ್ನು ಬರುವುದಷ್ಟೆ. ಮಗುವನ್ನು ಕೊಡಿ.”

ಕಾಂತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರು ಸೊಂಟದ ಚೂರಿ ತೆಗೆದರು. ನೀರು ದಾರಂದವನ್ನು ಮುಟ್ಟಿದ್ದಲ್ಲಿ ಬಗ್ಗಿ ಒಂದು ಗೀರು ಹಾಕಿದರು. ಆಮೇಲೆ ನಾವು ಹೊರಟೆವು. ಟ್ರಂಕು ಮಂಚದ ಮೇಲೆಯೇ ಉಳಿಯಿತು.

ಸಂಜೆ ನಾಲ್ಕಕ್ಕೆ ಗುಡ್ಡೆಯಿಂದ ನೋಡಿದರೆ ನಮ್ಮ ಮನೆಯ ಮಾಡಿನ ಎರಡು ಸಾಲು ಹೆಂಚು ಮಾತ್ರ ಕಾಣುತ್ತಿತ್ತು. ಶಶಿಪ್ರಭಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂಸಾಕನ ಹೆಂಡತಿ ಕೊಟ್ಟ ಗಂಜಿಯನ್ನು ಅವಳು ಮಗುವಿಗೆ ತಿನ್ನಿಸುತ್ತಿದ್ದಳು, ನಾನು ಕಣ್ಣು ತುಂಬ ಅದನ್ನೇ ನೋಡುತ್ತ ಕೂತೆ.

ನೀರು ಇಳಿದು ಕೆಸರು ಬಾಚಿ ತೆಗೆಯುವಾಗ ಐದು ದಿನ ಕಳೆದಿತ್ತು. ಮೂಸಾಕ ಸುತ್ತಿಗೆ, ಮೊಳೆ ಹಿಡಿದುಕೊಂಡು ಬಂದರು. ಚೂರಿಯ ಗೀರು ಹಾಗೆಯೇ ಇತ್ತು, ನಾಲ್ಕನೆಯ ಮೊಳೆಗಿಂತ ನಾಲ್ಕು ಬೆರಳು ಕೆಳಗೆ. ಹಿರಿಯರು ನೀವೇ ಹೊಡೆಯಿರಿ ಎಂದು ನಾನು ಹಿಂಜರಿದೆ.

“ಈ ಸಲ ಹೊರಟದ್ದು ನೀವು,” ಎಂದು ಅವರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

ಎರಡು ಪೆಟ್ಟು ಬೆರಳಿಗೇ ಬಿತ್ತು, ಮೂರನೆಯದಕ್ಕೆ ಮೊಳೆ ಕೂತಿತು. ಸದ್ದು ಕೇಳಿ ಕಾಂತಿ ಓಡಿಬಂದು ದಾರಂದ ಹಿಡಿದು ನಿಂತಳು. ಹೊಸ ಮೊಳೆ ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ. ಮೇಲಿನದು ಅವಳ ತಲೆಗಿಂತ ಒಂದು ಗೇಣು ಎತ್ತರದಲ್ಲಿತ್ತು. ಮೂಸಾಕ ಆ ಒಂದು ಗೇಣನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮಗುವನ್ನು ಎತ್ತಿಕೊಂಡು ಜಗಲಿಗೆ ಹೋಗಿ ಕೂತರು.