ಎಡಗಡೆಯಿಂದ ಬಂದವಳು

ಕೊಳವೆಯ ತುದಿಯಲ್ಲಿ ಎರಡು ಇರುವೆ, ಅಲ್ಲ, ಒಂದೇ ಇರುವೆ, ಎಡಗಣ್ಣು ಬಿಟ್ಟ ಕೂಡಲೇ ಎಲ್ಲ ಎರಡಾಗುತ್ತದೆ, ರಿವಾಲ್ವರೂ ಎರಡು, ಹಿಡಿದ ಕೈಯೂ ಎರಡು, ಆಚೆ ಕೆರೆ ಏರಿಗೆ ಒರಗಿಸಿದ ಹಲಗೆಯ ಕರಿಚುಕ್ಕೆ ಮಾತ್ರ ಒಂದೇ — ಎರಡು ಕಂಡ್ರ ಒಂದು ಖರೇದು, ಇನ್ನೊಂದು ನೆರಳು, ನೆರಳು ಇದ್ರ ಇರ್ಲಿ ಬಿಡೋ ತಮ್ಮಾ, ಬೆನ್ನ ಹಿಂದೆ ರೇವಣಸಿದ್ದಪ್ಪನವರು, ಅವರ ಧಾರವಾಡ ನಮ್ಮ ರಾಜ್ಯಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ, ಮಿಲಿಟರಿಯಲ್ಲಿ ಗುಂಡು ಹೊಡೆಯುವುದನ್ನು ಕಲಿಸಿ ಬಂದ ಮನುಷ್ಯ, ಒಂದು ಕಣ್ಣು ಮುಚ್ಚುವವನಿಗೆ ಬಿನ್ನಿಪೇಟೆ ಗೋದಾಮಿನ ಕಾವಲು ಕೆಲಸ ಸಿಗುವಂತೆ ಸಹಿ ಹಾಕುವುದಿಲ್ಲ, ಎರಡು ಸಲ ಹಾಕಲಿಲ್ಲ, ಇವತ್ತು ಮೂರನೆಯದು, ಕಡೆಯದು. ಎರಡೂ ಕಣ್ಣ ತೆರಿ, ಎಡಕಿಂದ ಯಾರರ ಬಂದ್ರ ಹ್ಯಾಂಗ ಕಾಣತೈತಿ ನಿನಗ? ಎಡಗಡೆಯಿಂದ ಯಾರು ಬರುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾರ್, ನಿಮಗೆ ಹೇಗೆ ಹೇಳಲಿ.

ಏರಿಯ ಮೇಲೆ ತುಂಬೆ ಹೂ, ನಮ್ಮ ಹೊಲದ ಬದುವಿನಲ್ಲೂ ಇತ್ತು, ಈಗ ಅಲ್ಲಿ ಸೈಟುಕಲ್ಲು, ರಾಜಾಜಿನಗರದ ಮೂರನೆಯದೋ ನಾಲ್ಕನೆಯದೋ ಬ್ಲಾಕು, ನಮ್ಮ ಕಣವಿದ್ದ ಕಡೆ ಯಾರೋ ಮೇಷ್ಟ್ರು ಮನೆ ಕಟ್ಟಿಸುತ್ತಿದ್ದಾರೆ, ಬನ್ನಿ, ನೀರು ಕುಡಿದು ಹೋಗಿ ಅಂದರು, ಒಳ್ಳೆಯವರು, ನನಗೆ ಅಳು ಬಂತು — ಆಗ ಅಲ್ಲಿ ರಾಗಿ, ರಾಗಿಯ ನಡುವೆ ಒಂದೊಂದು ಸಾಲು ಜೋಳ, ತೆನೆ ಹಾಲುಗಟ್ಟಿದರೆ ಸಾಕು ಗಿಣಿಗಳ ದಂಡು, ನಾನು ಒಂಬತ್ತು ವರ್ಷದ ಭಾರೀ ಬೇಟೆಗಾರ, ಸೀಬೆಕೊಂಬೆಯ ಕವಲಿಗೆ ಸೈಕಲ್ ಟ್ಯೂಬು ಬಿಗಿದ ಕ್ಯಾಟರ್‌ಬಿಲ್ಲು, ಕಟ್ಟಿಕೊಟ್ಟವಳು ಅಕ್ಕನೇ, ಹನುಮಕ್ಕ, ಎಳೆದು ನೋಡಿ ಗಟ್ಟಿಯಾಗೈತೆ ಕಣೋ ಕೆಂಚ ಅಂದವಳು, ಒಂದು ಗಿಣಿಗೂ ತಾಗದಿದ್ದರೂ ಸಂಜೆ ಅಪ್ಪನ ಮುಂದೆ, ಹೊಲ ಕಾದಿದ್ದು ಇವ್ನೇ ಕಣಪ್ಪ ಅಂದವಳು, ಎಷ್ಟು ಸುಖವಾಗಿತ್ತು. ಎಡಗಣ್ಣು ಮುಚ್ಚಿದರೆ ಗುರಿ ಸಿಗುತ್ತದೆ, ನಾನೇ ಕಂಡುಹಿಡಿದ ವಿದ್ಯೆ, ಏನು ಜಂಬ, ಬಲಗಣ್ಣಿನ ತುಂಬ ತೆನೆ, ತೆನೆಯ ಮೇಲೆ ಹಸಿರು ಬಾಲ, ಎಡಗಡೆ ಅನ್ನುವುದೇ ಇಲ್ಲ, ರಬ್ಬರು ಬಿಟ್ಟೆ — ಬಿಟ್ಟ ಗಳಿಗೆಗೆ ಅವಳು ತೆನೆಯ ಮುಂದಿದ್ದಳು, ತಲೆಯ ಮೇಲೆ ನನ್ನ ಬುತ್ತಿಯ ಪುಟ್ಟಿ. ಕಣ್ಣಿಗೆ ಕಾರೇಮುಳ್ಳು ಚುಚ್ಚಿತು, ಅಪ್ಪನಿಗೆ ಹಾಗೆಂದಳು, ಆಸ್ಪತ್ರೆಯಲ್ಲೂ ಹಾಗೆಂದಳು, ಹೆಣ್ಣು ನೋಡಲು ಬಂದು ಕಾಫಿ ಕುಡಿದು ಎದ್ದುಹೋದವರಿಗೂ ಹಾಗೇ, ಹದಿನೈದು ವರ್ಷ ಅದೇ ಮುಳ್ಳು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟು, ಕತ್ತು ಓರೆ ಮಾಡಿ ಉಳಿದೊಂದು ಕಣ್ಣಿನಲ್ಲಿ ನನ್ನ ಅಂಗಿಯ ಗುಂಡಿ ಸರಿಯಿದೆಯೇ ನೋಡಿ, ಈ ಸಲ ಪಾಸಾಗಿ ಬಾ ಕಣೋ, ಇಬ್ರಿಗೂ ಆ ಕೆಲ್ಸಾನೇ ಗತಿ, ಎರಡೂ ಕಣ್ಣು ಬಿಡಕ್ಕೆ ನಿಂಗೇನೋ ಅಂಥಾ ಕಷ್ಟ — ನಗುತ್ತಾ ಅಂದಳು, ಚುಚ್ಚಬೇಕೆಂದು ಅಂದಿದ್ದಲ್ಲ, ಅವಳಿಗೆ ಚುಚ್ಚಿ ಗೊತ್ತಿಲ್ಲ.

ಹೊಡಿ ತಮ್ಮಾ. ಹೊಡೆಯುತ್ತೇನೆ ಸಾರ್, ಇಗೋ ಬಿಟ್ಟೆ ಎಡಗಣ್ಣು, ಇರುವೆ ಎರಡು, ಚುಕ್ಕೆ ಒಂದು, ತುಂಬೆ ಹೂ, ಎಡಗಡೆ ಬದು, ಬದುವಿನ ಮೇಲೆ ಪುಟ್ಟಿ ಹೊತ್ತು ಬರುತ್ತಿದ್ದಾಳೆ, ಬೆರಳು ಬಿಗಿಯುತ್ತಿದೆ, ಹೊಡಿಯೋ — ಅವಳಿನ್ನೂ ತೆನೆಯ ಮುಂದೆ ಬಂದಿಲ್ಲ, ಎಡಗಡೆಯಲ್ಲೇ ನಿಂತಿದ್ದಾಳೆ, ತಲೆಯ ಮೇಲೆ ಬುತ್ತಿಯ ಪುಟ್ಟಿ, ನನ್ನನ್ನೇ ನೋಡುತ್ತಿದ್ದಾಳೆ, ಎರಡೂ ಕಣ್ಣಿನಲ್ಲಿ, ಎರಡೂ ಕಣ್ಣಿನಲ್ಲಿ